ಸ್ಕ್ಯಾನರ್ ಕೇಳುತ್ತದೆ, ಕೇಳಿಕೊಳ್ಳುವುದಿಲ್ಲ: ಪಿ25 ಟ್ರಂಕ್ ವ್ಯವಸ್ಥೆಗೆ ರೇಡಿಯೊ ಹೊಂದಿಸುವ ಬಗೆ

(ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದೆ.)

ಸ್ಕ್ಯಾನರ್‌ಗೆ, ಅಂದರೆ ಬೇರೆಯವರ ರೇಡಿಯೊ ಮಾತು ಕೇಳಲಷ್ಟೇ ಬಳಸುವ ರಿಸೀವರ್‌ಗೆ, 851.3125 ಮೆಗಾಹರ್ಟ್ಜ್ ತುಂಬಿ, ಅಲ್ಲಿಂದ ಕದಲದೆ ಕೂತಿದ್ದೀರಿ ಎಂದುಕೊಳ್ಳಿ. ಅಗ್ನಿಶಾಮಕ ದಳದವರ ಒಂದು ವಾಕ್ಯ ಕೇಳಿಸುತ್ತದೆ. ಉತ್ತರಕ್ಕೆ ಕಾದರೆ ಬರುವುದು ನೀರು ಸರಬರಾಜಿನವರ ಮಾತು. ಅದರ ಬೆನ್ನಿಗೆ ಶಾಲಾ ಬಸ್ಸಿನ ಚಾಲಕರದು. ಎಲ್ಲರೂ ಒಂದೇ ಚಾನಲ್ಲಿಗೆ ಬಂದು ಗಲಾಟೆ ಮಾಡುತ್ತಿದ್ದಾರೆ ಅನಿಸುತ್ತದೆ. ಹಾಗೇನೂ ಇಲ್ಲ. ಅಗ್ನಿಶಾಮಕದವರ ಉತ್ತರ 853.7625ರಲ್ಲಿ ಹೋಗಿ ಮುಗಿದಿದೆ. ನೀವು ಅಲ್ಲಿರಲಿಲ್ಲ, ಅಷ್ಟೆ.

ರೈಲು ನಿಲ್ದಾಣ ನೆನೆಸಿಕೊಳ್ಳಿ. ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಧ್ವನಿವರ್ಧಕದಲ್ಲಿ ಹೇಳುತ್ತಾರೆ, ಜನ ಅಲ್ಲಿಗೆ ಹೋಗುತ್ತಾರೆ. ಕೆಲವೇ ಫ್ರೀಕ್ವೆನ್ಸಿಗಳನ್ನು ಅನೇಕ ಗುಂಪುಗಳು ಹಂಚಿಕೊಳ್ಳುವ ಟ್ರಂಕ್ ವ್ಯವಸ್ಥೆಯಲ್ಲಿ ರೈಲು ಅಂದರೆ ಟಾಕ್‌ಗ್ರೂಪ್ (ಒಟ್ಟಿಗೆ ಮಾತಾಡುವ ಒಂದು ಗುಂಪು), ಪ್ಲಾಟ್‌ಫಾರ್ಮ್ ಅಂದರೆ ಫ್ರೀಕ್ವೆನ್ಸಿ. ಘೋಷಣೆ ಮಾಡುವುದು ಕಂಟ್ರೋಲ್ ಚಾನಲ್. ಅದು ಹಗಲು ರಾತ್ರಿ ಬಿಡುವಿಲ್ಲದೆ ಸೆಕೆಂಡಿಗೆ 9600 ಬಿಟ್‌ನಂತೆ ದತ್ತಾಂಶ ಹರಿಸುತ್ತಲೇ ಇರುತ್ತದೆ. ಒಂದೇ ಪ್ಲಾಟ್‌ಫಾರ್ಮಿನಲ್ಲಿ ನಿಂತು ಬಂದ ರೈಲನ್ನೆಲ್ಲ ನೋಡುವುದನ್ನು ಬಿಟ್ಟು ಘೋಷಣೆಗೆ ಕಿವಿಗೊಡುವಂತೆ ಸ್ಕ್ಯಾನರನ್ನು ಹೊಂದಿಸಬೇಕು. ಇಂದಿನ ವಿಷಯ ಇಷ್ಟೇ.

ಇಲ್ಲಿ ಹೇಳುವುದು ಮುಖ್ಯವಾಗಿ ಪಿ25 ವ್ಯವಸ್ಥೆಗೆ, ಅಂದರೆ ಉತ್ತರ ಅಮೆರಿಕದ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಸೇವೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾನದಂಡಕ್ಕೆ. ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ಅಮೆರಿಕದಲ್ಲಿ ಎನ್‌ಕ್ರಿಪ್ಟ್ ಆಗದ (ಗುಪ್ತ ಸಂಕೇತಕ್ಕೆ ತಿರುಗಿಸದ) ಪೊಲೀಸ್, ಅಗ್ನಿಶಾಮಕ ಸಂಭಾಷಣೆ ಕೇಳಲು 1986ರ ಎಲೆಕ್ಟ್ರಾನಿಕ್ ಸಂವಹನ ಗೋಪ್ಯತಾ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಅಲ್ಲೂ ಕೆಲವು ರಾಜ್ಯಗಳಲ್ಲಿ ವಾಹನದಲ್ಲಿ ಸ್ಕ್ಯಾನರ್ ಇಟ್ಟುಕೊಳ್ಳುವುದಕ್ಕೆ ನಿರ್ಬಂಧವಿದೆ. ಬ್ರಿಟನ್ನಿನಲ್ಲಿ ನಮಗಾಗಿ ಅಲ್ಲದ ಸಂದೇಶವನ್ನು ಕೇಳುವುದೇ 2006ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಅಪರಾಧ. ನೀವಿರುವ ದೇಶದ ನಿಯಮ ತಿಳಿದುಕೊಂಡ ಮೇಲೆಯೇ ಮುಂದಿನದು.

ಕೇಳುವುದಕ್ಕೂ ಕೇಳಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ

ಸಿಬ್ಬಂದಿಯ ಕೈಯಲ್ಲಿರುವ ರೇಡಿಯೊ ಆನ್ ಆದ ಕೂಡಲೇ ಹತ್ತಿರದ ಸೈಟಿಗೆ (ಪ್ರಸಾರ ಕೇಂದ್ರಕ್ಕೆ) ತನ್ನ ಗುರುತಿನ ಸಂಖ್ಯೆ ಕಳಿಸಿ ಹೆಸರು ನೋಂದಾಯಿಸುತ್ತದೆ. 'ನಾನು ಇಂಥ ಟಾಕ್‌ಗ್ರೂಪಿನಲ್ಲಿದ್ದೇನೆ' ಎನ್ನುತ್ತದೆ. ಮಾತಿನ ಗುಂಡಿ ಒತ್ತಿದಾಗ ಚಾನಲ್ ಬೇಕೆಂದು ಕೇಳಿಕೊಳ್ಳುತ್ತದೆ, ವ್ಯವಸ್ಥೆ ಕೊಡುತ್ತದೆ. ನಮ್ಮ ಸ್ಕ್ಯಾನರ್ ಹಾಗಲ್ಲ. ಅದು ಕೇಳುತ್ತದೆ, ಆದರೆ ಏನನ್ನೂ ಕೇಳಿಕೊಳ್ಳುವುದಿಲ್ಲ. ಅದು ಇದೆ ಎಂಬುದೇ ವ್ಯವಸ್ಥೆಗೆ ಗೊತ್ತಿಲ್ಲ.

'ಸ್ಕ್ಯಾನರ್ ಕೆಟ್ಟಿದೆ' ಎಂಬ ದೂರುಗಳಲ್ಲಿ ಅರ್ಧದಷ್ಟು ಈ ಒಂದು ಸಂಗತಿಯಿಂದ ಹುಟ್ಟಿದವು. ದೊಡ್ಡ ವ್ಯವಸ್ಥೆಯಲ್ಲಿ ಹತ್ತಾರು ಸೈಟ್‌ಗಳಿರುತ್ತವೆ. ಒಂದು ಟಾಕ್‌ಗ್ರೂಪಿನ ಮಾತು ಎಲ್ಲ ಸೈಟ್‌ಗಳಿಂದಲೂ ಪ್ರಸಾರವಾಗುವುದಿಲ್ಲ; ಆ ಗುಂಪಿನಲ್ಲಿ ನೋಂದಾಯಿಸಿದ ರೇಡಿಯೊ ಒಂದಾದರೂ ಇರುವ ಸೈಟಿನಿಂದ ಮಾತ್ರ ಸಾಮಾನ್ಯವಾಗಿ ಹೊರಡುತ್ತದೆ. ಪಕ್ಕದ ಜಿಲ್ಲೆಯ ಅಗ್ನಿಶಾಮಕ ಟಾಕ್‌ಗ್ರೂಪನ್ನು ನೀವು ಸರಿಯಾಗಿಯೇ ತುಂಬಿರಬಹುದು. ಆದರೆ ನೀವು ಕೇಳುತ್ತಿರುವ ಸೈಟಿನ ವ್ಯಾಪ್ತಿಯಲ್ಲಿ ಅವರ ರೇಡಿಯೊ ಒಂದೂ ಇಲ್ಲದಿದ್ದರೆ ತಿಂಗಳು ಕಾದರೂ ಒಂದು ಮಾತು ಬರುವುದಿಲ್ಲ. ಒಬ್ಬ ಸಿಬ್ಬಂದಿ ನಿಮ್ಮ ಊರಿನ ಆಸ್ಪತ್ರೆಗೆ ಬಂದಾಗ ಇದ್ದಕ್ಕಿದ್ದಂತೆ ಇಪ್ಪತ್ತು ನಿಮಿಷ ಕೇಳಿಸಿ ಮತ್ತೆ ಮೌನ. ಆಂಟೆನಾ ಬದಲಿಸಿ ಇದನ್ನು ಸರಿಪಡಿಸಲಾಗದು. ಆ ಗುಂಪು ಇರುವ ಸೈಟಿನ ಕಂಟ್ರೋಲ್ ಚಾನಲ್ ನಿಮಗೆ ಸಿಗುವಂತಿರಬೇಕು, ಬೇರೆ ದಾರಿಯಿಲ್ಲ.

ಘೋಷಣೆಯಲ್ಲಿ ಏನಿರುತ್ತದೆ

ಕಂಟ್ರೋಲ್ ಚಾನಲ್ 'ಟಾಕ್‌ಗ್ರೂಪ್ 2101, ಫ್ರೀಕ್ವೆನ್ಸಿ 853.7625' ಎಂದು ನೇರವಾಗಿ ಹೇಳುವುದಿಲ್ಲ. 16 ಬಿಟ್‌ನ ಒಂದು ಚಾನಲ್ ಸಂಖ್ಯೆ ಹೇಳುತ್ತದೆ. ಮೊದಲ 4 ಬಿಟ್ ಯಾವ ಕೋಷ್ಟಕ ನೋಡಬೇಕೆಂಬುದಕ್ಕೆ, ಉಳಿದ 12 ಬಿಟ್ ಆ ಕೋಷ್ಟಕದಲ್ಲಿ ಎಷ್ಟನೆಯದೆಂಬುದಕ್ಕೆ. ಕೋಷ್ಟಕ ಅಂದರೆ ಒಂದು ಮೂಲ ಫ್ರೀಕ್ವೆನ್ಸಿ ಮತ್ತು ಒಂದು ಅಂತರ. ಮೂಲ 851.00625, ಅಂತರ 6.25 ಕಿಲೋಹರ್ಟ್ಜ್ ಇದ್ದರೆ 100ನೇ ಚಾನಲ್ ಎಂದರೆ 851.00625ಕ್ಕೆ 0.625 ಕೂಡಿಸಿ, 851.63125.

ಪಿ25ರ ಸೊಗಸು ಏನೆಂದರೆ ಈ ಕೋಷ್ಟಕವನ್ನೂ ಕಂಟ್ರೋಲ್ ಚಾನಲ್ಲೇ ಮತ್ತೆ ಮತ್ತೆ ಪ್ರಸಾರ ಮಾಡುತ್ತದೆ. ಹಾಗಾಗಿ ಧ್ವನಿ ಫ್ರೀಕ್ವೆನ್ಸಿಗಳನ್ನು ನೀವು ತುಂಬಬೇಕಾಗಿಲ್ಲ. ಕಂಟ್ರೋಲ್ ಚಾನಲ್ ಮತ್ತು ಅದರ ಬದಲಿ ಚಾನಲ್‌ಗಳು ಸಾಕು. ಬದಲಿ ಏಕೆಂದರೆ ಒಂದು ಸೈಟಿನಲ್ಲಿ ಕಂಟ್ರೋಲ್ ಕೆಲಸಕ್ಕೆ ಒಂದಕ್ಕಿಂತ ಹೆಚ್ಚು ಫ್ರೀಕ್ವೆನ್ಸಿ ಗೊತ್ತುಮಾಡಿರುತ್ತಾರೆ, ಸಾಮಾನ್ಯವಾಗಿ ನಾಲ್ಕರವರೆಗೆ. ಉಪಕರಣ ಕೈಕೊಟ್ಟಾಗ, ಕೆಲವೆಡೆ ವೇಳಾಪಟ್ಟಿಯಂತೆ, ಕಂಟ್ರೋಲ್ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಒಂದನ್ನೇ ತುಂಬಿಟ್ಟವರಿಗೆ 'ನಿನ್ನೆ ಚೆನ್ನಾಗಿತ್ತು, ಇವತ್ತು ಸತ್ತುಹೋಗಿದೆ' ಎಂಬ ಅನುಭವ.

ಇನ್ನೊಂದು ವಿವರ ಪಿ25 ಎರಡನೇ ಹಂತದ್ದು. ಮೊದಲ ಹಂತದಲ್ಲಿ 12.5 ಕಿಲೋಹರ್ಟ್ಜ್ ಅಗಲದ ಒಂದು ಚಾನಲ್ಲಿಗೆ ಒಂದು ಮಾತು. ಎರಡನೇ ಹಂತದಲ್ಲಿ ಅದೇ ಅಗಲವನ್ನು ಕಾಲದಲ್ಲಿ ಎರಡು ಹೋಳು ಮಾಡಿ ಎರಡು ಮಾತು ಸಾಗಿಸುತ್ತಾರೆ. ಕಂಟ್ರೋಲ್ ಚಾನಲ್ ಮಾತ್ರ ಮೊದಲ ಹಂತದ ರೀತಿಯಲ್ಲೇ ಇರುತ್ತದೆ. ಹೀಗಾಗಿ ಮೊದಲ ಹಂತ ಮಾತ್ರ ಬಲ್ಲ ಹಳೆಯ ಸ್ಕ್ಯಾನರ್ ಕಂಟ್ರೋಲ್ ಚಾನಲ್ಲನ್ನು ಚೊಕ್ಕವಾಗಿ ಓದುತ್ತದೆ, ಆದರೂ ಧ್ವನಿ ಬಾರದು. ಇದು ಜನರನ್ನು ಎಷ್ಟು ಸತಾಯಿಸಿದೆಯೋ! ಪಟ್ಟಿಗಳಲ್ಲಿ ಟಾಕ್‌ಗ್ರೂಪಿನ ಪಕ್ಕ 'ಟಿ' ಎಂದಿದ್ದರೆ ಎರಡನೇ ಹಂತ, 'ಡಿ' ಎಂದಿದ್ದರೆ ಮೊದಲ ಹಂತದ ಡಿಜಿಟಲ್, 'ಎ' ಅಂದರೆ ಅನಲಾಗ್. ಜೊತೆಗೆ ದೊಡ್ಡಕ್ಷರದ 'ಇ' ಇದ್ದರೆ ಪೂರ್ತಿ ಎನ್‌ಕ್ರಿಪ್ಟ್, ಸಣ್ಣಕ್ಷರದ್ದಾದರೆ ಆಗಾಗ.

ಎರಡನೇ ಹಂತದ ಧ್ವನಿ ಫ್ರೀಕ್ವೆನ್ಸಿಯನ್ನು ಬಿಡಿ ಚಾನಲ್ ಆಗಿ ತುಂಬಿ ಕೇಳೋಣ ಎಂಬ ಉಪಾಯವೂ ನಡೆಯದು. ಅಲ್ಲಿನ ಬಿಟ್‌ಗಳನ್ನು ವ್ಯವಸ್ಥೆಯ ಮೂರು ಗುರುತುಗಳಿಂದ ಕಲಸಿರುತ್ತಾರೆ: 20 ಬಿಟ್‌ನ ವ್ಯಾಕನ್ (ಇಡೀ ಜಾಲದ ಗುರುತು), 12 ಬಿಟ್‌ನ ಸಿಸ್ಟಂ ಐಡಿ (ಆ ವ್ಯವಸ್ಥೆಯ ಗುರುತು), 12 ಬಿಟ್‌ನ ಎನ್‌ಎಸಿ (ಜಾಲ ಪ್ರವೇಶದ ಸಂಕೇತ). ಇದು ಎನ್‌ಕ್ರಿಪ್ಷನ್ ಅಲ್ಲ, ಮೂರೂ ಸಂಖ್ಯೆಗಳು ಕಂಟ್ರೋಲ್ ಚಾನಲ್ಲಿನಲ್ಲಿ ಬಹಿರಂಗವಾಗಿಯೇ ಇವೆ. ಆದರೆ ಅವು ಗೊತ್ತಿಲ್ಲದೆ ಧ್ವನಿ ಬಿಡಿಸಲಾಗದು.

ಯಂತ್ರದ ಆಯ್ಕೆ

ಇದನ್ನು ಬೇಗ ಮುಗಿಸುತ್ತೇನೆ. ಯುನಿಡೆನ್ ಬಿಸಿ125ಎಟಿಯಂಥ ಅನಲಾಗ್ ಸ್ಕ್ಯಾನರ್ ಈ ಕೆಲಸಕ್ಕೆ ಆಗುವುದೇ ಇಲ್ಲ. ಬಿಸಿಡಿ325ಪಿ2, ಬಿಸಿಡಿ996ಪಿ2, ಬಿಸಿಡಿ436ಎಚ್‌ಪಿ, ಬಿಸಿಡಿ536ಎಚ್‌ಪಿ, ವಿಸ್ಲರ್ ಟಿಆರ್‌ಎಕ್ಸ್-1 ಮತ್ತು ಟಿಆರ್‌ಎಕ್ಸ್-2 ಎರಡೂ ಹಂತಗಳನ್ನು ಬಲ್ಲವು. ಯುನಿಡೆನ್ ಎಸ್‌ಡಿಎಸ್100 ಮತ್ತು ಎಸ್‌ಡಿಎಸ್200 ಇವುಗಳಿಂದ ಬೇರೆಯಾಗಿ ನಿಲ್ಲುವುದು ಒಂದೇ ಕಾರಣಕ್ಕೆ, ಸೈಮಲ್‌ಕಾಸ್ಟ್ (ಹಲವು ಟವರ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಪ್ರಸಾರ ಮಾಡುವುದು). ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಕೊಳ್ಳುವ ಮೊದಲು ನಿಮ್ಮ ಸುತ್ತಲಿನ ವ್ಯವಸ್ಥೆ ಸೈಮಲ್‌ಕಾಸ್ಟ್ ಹೌದೇ ಅಲ್ಲವೇ ಎಂದು ನೋಡಿಕೊಳ್ಳಿ, ಮತ್ತು ನಿಮಗೆ ಬೇಕಾದ ಟಾಕ್‌ಗ್ರೂಪ್‌ಗಳು ಎನ್‌ಕ್ರಿಪ್ಟ್ ಆಗಿವೆಯೇ ಎಂದು ಅದಕ್ಕೂ ಮೊದಲು ನೋಡಿ.

ತುಂಬುವ ಕ್ರಮ

ಮಾಹಿತಿ ಬರುವುದು ಹೆಚ್ಚಾಗಿ ರೇಡಿಯೊರೆಫರೆನ್ಸ್ ಎಂಬ ಜಾಲತಾಣದ ದತ್ತಸಂಚಯದಿಂದ. ಅಲ್ಲಿ ವ್ಯವಸ್ಥೆಯ ಪುಟದಿಂದ ಐದು ಸಂಗತಿ ಬರೆದುಕೊಳ್ಳಿ: ವ್ಯವಸ್ಥೆಯ ಬಗೆ, ನಿಮಗೆ ಹತ್ತಿರದ ಸೈಟಿನ ಹೆಸರು, ಆ ಸೈಟಿನ ಕಂಟ್ರೋಲ್ ಫ್ರೀಕ್ವೆನ್ಸಿಗಳು (ಬಣ್ಣ ಬದಲಿಸಿ ಗುರುತು ಮಾಡಿರುತ್ತಾರೆ), ಎನ್‌ಎಸಿ, ಬೇಕಾದ ಟಾಕ್‌ಗ್ರೂಪ್ ಸಂಖ್ಯೆಗಳು.

ಟಾಕ್‌ಗ್ರೂಪ್ ಸಂಖ್ಯೆಯಲ್ಲೊಂದು ಎಡವಟ್ಟು ಆಗುತ್ತದೆ. ಪಟ್ಟಿಯಲ್ಲಿ ಡೆಸಿಮಲ್ (ಹತ್ತರ ಲೆಕ್ಕ) ಮತ್ತು ಹೆಕ್ಸ್ (ಹದಿನಾರರ ಲೆಕ್ಕ) ಎರಡೂ ಅಂಕಣಗಳಿರುತ್ತವೆ. ಹೆಕ್ಸ್‌ನಲ್ಲಿ 1ಎಫ್4 ಎಂದಿದ್ದರೆ ಅಕ್ಷರ ನೋಡಿಯೇ ಎಚ್ಚರವಾಗುತ್ತದೆ. ಅದು ಡೆಸಿಮಲ್‌ನಲ್ಲಿ 500. ಆದರೆ ಹೆಕ್ಸ್‌ನ 100 ನೋಡಲು ಸಾಮಾನ್ಯ ನೂರರಂತೆಯೇ ಇರುತ್ತದೆ, ಡೆಸಿಮಲ್‌ನಲ್ಲಿ ಮಾತ್ರ 256. ಸ್ಕ್ಯಾನರ್ ಡೆಸಿಮಲ್‌ಗೆ ಹೊಂದಿಸಿದ್ದು ನೀವು ಹೆಕ್ಸ್ ಅಂಕಣದಿಂದ ನಕಲು ಮಾಡಿದ್ದರೆ ತಪ್ಪೆಂದು ಯಂತ್ರ ಹೇಳುವುದಿಲ್ಲ, ಸುಮ್ಮನಿರುತ್ತದೆ. ಪಿ25ರಲ್ಲಿ ಟಾಕ್‌ಗ್ರೂಪ್ ಸಂಖ್ಯೆ 16 ಬಿಟ್‌ನದು, 65535 ದಾಟದು. ಏಳೆಂಟು ಅಂಕಿಯ ಸಂಖ್ಯೆ ಕಂಡರೆ ಅದು ಒಂಟಿ ರೇಡಿಯೊದ ಗುರುತು, ಗುಂಪಿನದಲ್ಲ.

ಯುನಿಡೆನ್‌ನ 436, 536, ಎಸ್‌ಡಿಎಸ್ ಸರಣಿಗಳ ಜೋಡಣೆ ಹೀಗಿದೆ: ಎಲ್ಲಕ್ಕಿಂತ ಮೇಲೆ ಫೇವರಿಟ್ಸ್ ಲಿಸ್ಟ್, ಅದರೊಳಗೆ ಸಿಸ್ಟಂ. ಸಿಸ್ಟಂನೊಳಗೆ ಒಂದು ಕಡೆ ಸೈಟ್‌ಗಳು (ಫ್ರೀಕ್ವೆನ್ಸಿಗಳು ಇಲ್ಲಿ), ಇನ್ನೊಂದು ಕಡೆ ಡಿಪಾರ್ಟ್‌ಮೆಂಟ್‌ಗಳು (ಟಾಕ್‌ಗ್ರೂಪ್‌ಗಳು ಇಲ್ಲಿ). ಸೈಟ್ 'ಎಲ್ಲಿ ಕೇಳಬೇಕು' ಎಂಬುದಕ್ಕೆ ಉತ್ತರ, ಡಿಪಾರ್ಟ್‌ಮೆಂಟ್ 'ಯಾರನ್ನು ಕೇಳಬೇಕು' ಎಂಬುದಕ್ಕೆ. ಇವೆರಡೂ ಬೇರೆ ಬೇರೆ ಕೊಂಬೆ ಎಂಬುದು ಮನಸ್ಸಿಗೆ ಬಂದರೆ ಮೆನುವಿನಲ್ಲಿ ದಾರಿ ತಪ್ಪುವುದಿಲ್ಲ.

ಗುಂಡಿ ಒತ್ತಿ ತುಂಬಬಹುದು, ಆದರೆ ಕಂಪ್ಯೂಟರ್ ಇದ್ದರೆ ಯುನಿಡೆನ್‌ನ ಸೆಂಟಿನೆಲ್ ತಂತ್ರಾಂಶದಲ್ಲಿ ಮಾಡಿ. ಯುಎಸ್‌ಬಿ ಕೇಬಲ್ ಚುಚ್ಚಿದಾಗ ಸ್ಕ್ಯಾನರ್ ಒಂದು ಪ್ರಶ್ನೆ ಕೇಳುತ್ತದೆ: ಮಾಸ್ ಸ್ಟೋರೇಜ್ ಬೇಕೋ, ಸೀರಿಯಲ್ ಬೇಕೋ. ಸೆಂಟಿನೆಲ್‌ಗೆ ಮಾಸ್ ಸ್ಟೋರೇಜ್ ಆರಿಸಿ. ಪ್ರಶ್ನೆಯೇ ಬರಲಿಲ್ಲವೆಂದರೆ ಮೊದಲು ಕೇಬಲ್ ಬದಲಿಸಿ ನೋಡಿ. ಚಾರ್ಜಿಗಷ್ಟೇ ಬರುವ ಕೇಬಲ್‌ಗಳಲ್ಲಿ ದತ್ತಾಂಶದ ತಂತಿಗಳೇ ಇರುವುದಿಲ್ಲ. ಆಮೇಲೆ ಮಾಡುವ ಮೊದಲ ಕೆಲಸ ಸ್ಕ್ಯಾನರಿನಿಂದ ಓದುವುದು, ಬರೆಯುವುದಲ್ಲ. ಓದದೆ ಬರೆದರೆ ಯಂತ್ರದಲ್ಲಿ ನೀವು ಹಿಂದೆ ಮಾಡಿಟ್ಟ ಬದಲಾವಣೆಗಳೆಲ್ಲ ಅಳಿಸಿಹೋಗುತ್ತವೆ.

ಇನ್ನು ನಾನು ಒತ್ತಿ ಹೇಳುವ ಮಾತು. ಮೊದಲ ದಿನವೇ ಇಡೀ ವ್ಯವಸ್ಥೆಯನ್ನು ಎಳೆದು ಹಾಕಿಕೊಳ್ಳಬೇಡಿ. ಒಂದು ಫೇವರಿಟ್ಸ್ ಲಿಸ್ಟ್, ಒಂದು ಸಿಸ್ಟಂ, ಒಂದೇ ಸೈಟ್, ಅದರ ಎಲ್ಲ ಕಂಟ್ರೋಲ್ ಫ್ರೀಕ್ವೆನ್ಸಿಗಳು, ಒಂದು ಡಿಪಾರ್ಟ್‌ಮೆಂಟ್, ಅದರಲ್ಲಿ ಸದಾ ಮಾತಿರುವ ಎರಡು ಮೂರು ಟಾಕ್‌ಗ್ರೂಪ್. ಐಡಿ ಸರ್ಚ್ ಆನ್ ಮಾಡಿ, ಅಂದರೆ ತುಂಬದ ಟಾಕ್‌ಗ್ರೂಪ್‌ಗಳೂ ಕೇಳಿಸುತ್ತವೆ. ಎನ್‌ಎಸಿಯನ್ನು ಸದ್ಯಕ್ಕೆ ಸರ್ಚ್‌ನಲ್ಲೇ ಬಿಡಿ. ಸ್ಥಳ ಆಧರಿಸಿದ ಆಯ್ಕೆಯನ್ನು ಆಫ್ ಮಾಡಿ, ಇಲ್ಲದಿದ್ದರೆ ಪಿನ್ ಕೋಡ್ ಅಥವಾ ಜಿಪಿಎಸ್ ತಪ್ಪಿದ್ದಕ್ಕೆ ಸೈಟೇ ಪಟ್ಟಿಯಿಂದ ಬಿದ್ದುಹೋಗಿರುತ್ತದೆ. ಫೇವರಿಟ್ಸ್ ಲಿಸ್ಟಿಗೆ 'ಮಾನಿಟರ್' ಗುರುತು ಹಾಕಿದ್ದೀರಾ, ಪೂರ್ಣ ದತ್ತಸಂಚಯದ ಸ್ಕ್ಯಾನ್ ಆಫ್ ಮಾಡಿದ್ದೀರಾ, ನೋಡಿಕೊಳ್ಳಿ.

ಈಗ ಸ್ಕ್ಯಾನರನ್ನು ಆ ಸಿಸ್ಟಂ ಮೇಲೆ ಹೋಲ್ಡ್ ಮಾಡಿ. ಕಂಟ್ರೋಲ್ ಚಾನಲ್ ಸಿಕ್ಕಿದ್ದರೆ ಸಿಸ್ಟಂ ಐಡಿ, ಎನ್‌ಎಸಿ, ಸೈಟ್ ಸಂಖ್ಯೆ ಪರದೆಗೆ ಬರುತ್ತವೆ. ಅವನ್ನು ಬರೆದುಕೊಂಡ ಪಟ್ಟಿಯೊಂದಿಗೆ ತಾಳೆ ನೋಡಿ. ಸಿಸ್ಟಂ ಐಡಿ ಬೇರೆಯಾಗಿದ್ದರೆ ಅದೇ ಫ್ರೀಕ್ವೆನ್ಸಿ ಬಳಸುವ ದೂರದ ಬೇರೊಂದು ವ್ಯವಸ್ಥೆ ನಿಮ್ಮಲ್ಲಿಗೆ ಬರುತ್ತಿದೆ. ಆಗ ಎನ್‌ಎಸಿಯನ್ನು ನಿಖರವಾಗಿ ತುಂಬಿದರೆ ಆ ಗೊಂದಲ ತಪ್ಪುತ್ತದೆ. ಏನೂ ಬಾರದಿದ್ದರೆ ಅದೇ ಫ್ರೀಕ್ವೆನ್ಸಿಯನ್ನು ಸಾಮಾನ್ಯ ನ್ಯಾರೋ ಎಫ್‌ಎಂನಲ್ಲಿ ಕಿವಿಯಾರೆ ಕೇಳಿ. ಕಂಟ್ರೋಲ್ ಚಾನಲ್ ಅಂದರೆ ಒಂದೇ ಸಮನೆ ಗುರ್ರೆನ್ನುವ ಸದ್ದು, ಉಸಿರೂ ಬಿಡದಂತೆ. ಮಧ್ಯೆ ಮೌನ ಬಂದರೆ ಅದು ಕಂಟ್ರೋಲ್ ಅಲ್ಲ, ಧ್ವನಿ ಚಾನಲ್. ಬರೀ ಬುಸ್ಸೆಂಬ ಗದ್ದಲವಾದರೆ ಸಿಗ್ನಲ್ಲೇ ಇಲ್ಲ. ಬದಲಿ ಫ್ರೀಕ್ವೆನ್ಸಿಗಳನ್ನು ಒಂದೊಂದಾಗಿ ನೋಡಿ.

ಈ ಹಂತ ದಾಟುವವರೆಗೆ ಕ್ವಿಕ್ ಕೀ (ಆನ್-ಆಫ್ ಮಾಡುವ ಅಂಕಿಯ ಗುಂಡಿ), ಬಣ್ಣದ ದೀಪ, ಆದ್ಯತೆ ಯಾವುದನ್ನೂ ಮುಟ್ಟಬೇಡಿ. ಕಂಟ್ರೋಲ್ ಚಾನಲ್ ಗಟ್ಟಿಯಾಗಿ ನಿಂತ ಮೇಲೆ ಉಳಿದದ್ದೆಲ್ಲ ಅಚ್ಚುಕಟ್ಟಿನ ಕೆಲಸ.

ಅಚ್ಚುಕಟ್ಟು ಅಂದರೆ: ಪೊಲೀಸ್‌ಗೊಂದು, ಅಗ್ನಿಶಾಮಕಕ್ಕೊಂದು, ರಸ್ತೆ ಕೆಲಸಕ್ಕೊಂದು ಡಿಪಾರ್ಟ್‌ಮೆಂಟ್ ಮಾಡಿ ತಲಾ ಒಂದು ಕ್ವಿಕ್ ಕೀ ಕೊಡುವುದು. ಡಿಲೇ, ಅಂದರೆ ಮಾತು ಮುಗಿದ ಮೇಲೆ ಅಲ್ಲೇ ಕಾಯುವ ಹೊತ್ತು, 2 ಸೆಕೆಂಡ್ ಇರಲಿ. ಸೊನ್ನೆ ಮಾಡಿದರೆ ಪ್ರಶ್ನೆ ಕೇಳಿಸಿ ಉತ್ತರ ಕೈತಪ್ಪುತ್ತದೆ. ಹೆಚ್ಚು ಸೈಟ್ ತುಂಬಿದರೆ ಕಾಲದ ಲೆಕ್ಕ ಮಾಡಿ. ಸಿಗದ ಒಂದು ಸೈಟನ್ನು ಹುಡುಕಲು ಅರ್ಧ ಸೆಕೆಂಡ್ ಎಂದಿಟ್ಟುಕೊಂಡರೂ 40 ಸೈಟ್‌ಗಳ ಒಂದು ಸುತ್ತಿಗೆ 20 ಸೆಕೆಂಡ್. ಅಷ್ಟರಲ್ಲಿ ನಾಲ್ಕು ಸಂಭಾಷಣೆ ಮುಗಿದಿರುತ್ತವೆ. ಮನೆಯಲ್ಲಿ ಕೂತು ಕೇಳುವವರಿಗೆ ಎರಡು ಮೂರು ಸೈಟಿಗಿಂತ ಹೆಚ್ಚು ಬೇಕಾಗುವುದು ಅಪರೂಪ.

ಐಡಿ ಸರ್ಚನ್ನು ಒಂದು ವಾರವಾದರೂ ಆಫ್ ಮಾಡಬೇಡಿ ಎಂಬುದು ನನ್ನ ಸಲಹೆ. ಪಟ್ಟಿಯಲ್ಲಿಲ್ಲದ ಸಂಖ್ಯೆಗಳು ಕಾಣಿಸುತ್ತವೆ. ಅವುಗಳಲ್ಲಿ ಕೆಲವು ಹೊಸ ಟಾಕ್‌ಗ್ರೂಪ್, ಕೆಲವು ಪ್ಯಾಚ್. ಎರಡು ಇಲಾಖೆಗಳು ಒಟ್ಟಿಗೆ ಮಾತಾಡಬೇಕಾದಾಗ ನಿಯಂತ್ರಣ ಕೇಂದ್ರದವರು ಎರಡು ಟಾಕ್‌ಗ್ರೂಪ್‌ಗಳನ್ನು ಬೆಸೆದು ತಾತ್ಕಾಲಿಕವಾಗಿ ಮೂರನೆಯ ಸಂಖ್ಯೆಯಲ್ಲಿ ಓಡಿಸುವುದುಂಟು. ದೊಡ್ಡ ಬೆಂಕಿ ಅನಾಹುತದ ಹೊತ್ತಿನಲ್ಲಿ ನೀವು ತುಂಬಿದ ಗುಂಪು ಏಕಾಏಕಿ ಮೌನವಾದರೆ ಮಾತು ಆ ಮೂರನೆಯ ಸಂಖ್ಯೆಗೆ ಹೋಗಿರಬಹುದು.

ಸೈಮಲ್‌ಕಾಸ್ಟ್ ಎಂಬ ತಲೆನೋವು

ಸಿಗ್ನಲ್ ಪಟ್ಟಿ ಪೂರ್ತಿ ತುಂಬಿದೆ. ಆದರೂ ಮಾತು ತುಂಡು ತುಂಡು, ಅಕ್ಷರಗಳು ನುಂಗಿಹೋಗಿವೆ, ಕೆಲವೊಮ್ಮೆ ನೀರಿನೊಳಗಿಂದ ಬಂದಂತೆ. ಆಂಟೆನಾ ದೊಡ್ಡದು ಹಾಕಿದರೆ ಇನ್ನೂ ಕೆಡುತ್ತದೆ. ಇದು ಸೈಮಲ್‌ಕಾಸ್ಟ್.

ಒಂದು ನಗರ ಪೂರ್ತಿ ಒಂದೇ ಸೈಟ್ ಎಂಬಂತೆ ಕಾಣಲೆಂದು ಐದಾರು ಟವರ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ, ಒಂದೇ ಕ್ಷಣದಲ್ಲಿ, ಒಂದೇ ದತ್ತಾಂಶ ಕಳಿಸುತ್ತವೆ. ಹೊರಡುವುದು ಒಟ್ಟಿಗೆ, ನಿಮ್ಮನ್ನು ಮುಟ್ಟುವುದು ಒಟ್ಟಿಗಲ್ಲ. ರೇಡಿಯೊ ಅಲೆ ಒಂದು ಮೈಕ್ರೊಸೆಕೆಂಡಿನಲ್ಲಿ 300 ಮೀಟರ್ ಹೋಗುತ್ತದೆ. ಒಂದು ಟವರ್ 3 ಕಿಲೋಮೀಟರ್, ಇನ್ನೊಂದು 23 ಕಿಲೋಮೀಟರ್ ದೂರದಲ್ಲಿದ್ದರೆ ವ್ಯತ್ಯಾಸ 20 ಕಿಲೋಮೀಟರ್, ಅಂದರೆ ಸುಮಾರು 67 ಮೈಕ್ರೊಸೆಕೆಂಡ್. ಮೊದಲ ಹಂತದಲ್ಲಿ ಸೆಕೆಂಡಿಗೆ 4800 ಸಂಕೇತಗಳು, ಒಂದೊಂದರ ಅವಧಿ 208 ಮೈಕ್ರೊಸೆಕೆಂಡ್. ಅಂದಮೇಲೆ ಒಂದು ಸಂಕೇತದ ಮೂರನೇ ಒಂದು ಭಾಗದಷ್ಟು ಹೊತ್ತು ಹಿಂದಿನದೂ ಮುಂದಿನದೂ ಒಂದರ ಮೇಲೊಂದು ಬಿದ್ದಿರುತ್ತವೆ.

ಇದನ್ನು ಸಹಿಸಲೆಂದೇ ಅನೇಕ ಸೈಮಲ್‌ಕಾಸ್ಟ್ ಟವರ್‌ಗಳು ಬೇರೆ ಬಗೆಯ ಮಾಡ್ಯುಲೇಷನ್ ಬಳಸುತ್ತವೆ. ಅದರಲ್ಲಿ ಅಲೆಯ ಹಂತದ ಜೊತೆಗೆ ಎತ್ತರವೂ ಬದಲಾಗುತ್ತದೆ. ಹಳೆಯ ವಿನ್ಯಾಸದ ಸ್ಕ್ಯಾನರ್‌ಗಳು ಎಫ್‌ಎಂ ರೇಡಿಯೊದ ರೀತಿಯಲ್ಲಿ ಅಲೆಯ ಎತ್ತರವನ್ನು ಮೊದಲೇ ಕತ್ತರಿಸಿ ಎಸೆದು, ಉಳಿದದ್ದರಿಂದ ಸಂಕೇತ ಊಹಿಸುತ್ತವೆ. ಬೇಕಾದ ಮಾಹಿತಿಯನ್ನೇ ಎಸೆದ ಮೇಲೆ ಏನು ಉಳಿದೀತು? ಎಸ್‌ಡಿಎಸ್ ಸರಣಿಯ ಐ-ಕ್ಯೂ ರಿಸೀವರ್ ಹಂತ ಮತ್ತು ಎತ್ತರ ಎರಡನ್ನೂ ಉಳಿಸಿಕೊಂಡು ಲೆಕ್ಕ ಹಾಕುತ್ತದೆ. ಅದಕ್ಕೇ ಅವು ಬೇರೆಯಾಗಿ ನಿಲ್ಲುತ್ತವೆ ಎಂದದ್ದು.

ಹಳೆಯ ಸ್ಕ್ಯಾನರ್ ಇದ್ದವರು ಮಾಡಬಹುದಾದ್ದೂ ಇದೆ. ಗುಟ್ಟು ಹೆಚ್ಚು ಸಿಗ್ನಲ್ ಪಡೆಯುವುದರಲ್ಲಿಲ್ಲ, ಒಂದೇ ಟವರಿನ ಸಿಗ್ನಲ್ ಪಡೆಯುವುದರಲ್ಲಿದೆ. ಮೊದಲು ಸ್ಕ್ಯಾನರನ್ನೇ ಸರಿಸಿ ನೋಡಿ. 850 ಮೆಗಾಹರ್ಟ್ಜ್‌ನಲ್ಲಿ ಅಲೆಯ ಉದ್ದ 35 ಸೆಂಟಿಮೀಟರ್, ಹಾಗಾಗಿ 10ರಿಂದ 15 ಸೆಂಟಿಮೀಟರ್ ಸರಿಸಿದರೂ ಚಿತ್ರ ಬದಲಾಗುತ್ತದೆ. ಮೇಜಿನ ಒಂದು ಮೂಲೆಯಲ್ಲಿ ಕೆಟ್ಟದಾಗಿ ಬಂದದ್ದು ಕಿಟಕಿಯಿಂದ ದೂರದ ಗೋಡೆಯ ಬಳಿ ಚೆನ್ನಾಗಿ ಬರಬಹುದು, ಏಕೆಂದರೆ ಆ ಗೋಡೆ ಎರಡನೇ ಟವರನ್ನು ಮರೆಮಾಡಿದೆ. ಆಮೇಲೆ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಸೌಲಭ್ಯ) ಆನ್ ಮಾಡಿ, ಇಲ್ಲವೇ ಆಂಟೆನಾ ಚಿಕ್ಕದು ಹಾಕಿ. ದುರ್ಬಲ ಟವರ್‌ಗಳು ಕೆಳಗಿಳಿದು ಹತ್ತಿರದ್ದೊಂದೇ ಉಳಿಯಲಿ. ಇನ್ನೂ ಬೇಕೆಂದರೆ ಒಂದೇ ದಿಕ್ಕಿನ ಸಿಗ್ನಲ್ಲನ್ನು ಹೆಚ್ಚು ಹಿಡಿಯುವ ಯಾಗಿ ಆಂಟೆನಾ. ಅದನ್ನು ಅತಿ ಬಲವಾದ ಟವರಿನತ್ತ ತಿರುಗಿಸಿ ಸುಮ್ಮನಾಗಬೇಡಿ; ಕಾಟ ಕೊಡುವ ಟವರ್ ಅದರ ಕುರುಡು ದಿಕ್ಕಿಗೆ ಬರುವಂತೆ ಹತ್ತು ಹತ್ತು ಡಿಗ್ರಿ ತಿರುಗಿಸುತ್ತ ದೋಷದ ಸಂಖ್ಯೆ ನೋಡುತ್ತ ಹೋಗಿ.

ಯುನಿಡೆನ್‌ನಲ್ಲಿ ಪಿ25 ಥ್ರೆಶೋಲ್ಡ್ (ಸಂಕೇತ ಬಿಡಿಸುವ ಮಟ್ಟ) ಎಂಬ ಸೆಟ್ಟಿಂಗ್ ಇದೆ, 5ರಿಂದ 13ರವರೆಗೆ. ಮ್ಯಾನ್ಯುಯಲ್‌ಗೆ ಹಾಕಿ 8ರಿಂದ ಆಚೀಚೆ ಒಂದೊಂದೇ ಹೆಜ್ಜೆ ಸರಿಸಿ, ಪ್ರತಿ ಹೆಜ್ಜೆಯಲ್ಲೂ ಹತ್ತಾರು ಮಾತು ಕೇಳಿ ನೋಡಿ. ಎಸ್‌ಡಿಎಸ್‌ನಲ್ಲಿ ಸೈಟಿಗೊಂದು ಫಿಲ್ಟರ್ ಆಯ್ಕೆಯೂ ಇದೆ: ನಾರ್ಮಲ್, ಇನ್ವರ್ಟ್, ವೈಡ್, ಆಟೊ, ಆಫ್ ಇತ್ಯಾದಿ. ಪಕ್ಕದಲ್ಲಿ ಮೊಬೈಲ್ ಟವರಿನಂಥ ಬಲವಾದ ಸಿಗ್ನಲ್ ಇದ್ದಾಗ ಇದರಿಂದ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಾಗುತ್ತದೆ. ಯಾವುದು ಸರಿ ಎಂಬುದಕ್ಕೆ ಸೂತ್ರವಿಲ್ಲ, ಒಂದೊಂದಾಗಿ ಹಾಕಿ ನೋಡುವುದೇ.

ಕೆಟ್ಟ ಧ್ವನಿಯೆಲ್ಲ ಸೈಮಲ್‌ಕಾಸ್ಟ್ ಅಲ್ಲ. ಸಿಗ್ನಲ್ ಪಟ್ಟಿ ಕಡಿಮೆಯಿದ್ದು ಧ್ವನಿ ಒಡೆಯುತ್ತಿದ್ದರೆ ಅದು ಸರಳವಾದ ದುರ್ಬಲ ಸಿಗ್ನಲ್, ಅದಕ್ಕೆ ಮಾತ್ರ ಎತ್ತರದ ಆಂಟೆನಾ ಮದ್ದು. ಎಲ್ಲ ವ್ಯವಸ್ಥೆಗಳೂ ಒಟ್ಟಿಗೆ ಕೆಟ್ಟು, ಅಟೆನ್ಯುಯೇಟರ್ ಹಾಕಿದ ಕೂಡಲೇ ಎಲ್ಲವೂ ಸರಿಹೋದರೆ ಓವರ್‌ಲೋಡ್, ಅಂದರೆ ಅತಿ ಬಲವಾದ ಸಿಗ್ನಲ್ಲಿಗೆ ರಿಸೀವರ್ ತತ್ತರಿಸಿದೆ. ಒಂದೇ ವ್ಯವಸ್ಥೆ ಕೆಟ್ಟು, ಸ್ಕ್ಯಾನರನ್ನು ಒಂದು ಗೇಣು ಸರಿಸಿದರೆ ಸರಿಯಾಗಿ, ಇನ್ನೊಂದು ಗೇಣು ಸರಿಸಿದರೆ ಮತ್ತೆ ಕೆಟ್ಟರೆ ಆಗ ಅದು ಸೈಮಲ್‌ಕಾಸ್ಟ್.

ಆಂಟೆನಾ, ಕೇಬಲ್

ಕಾಲು ಅಲೆಯ ಉದ್ದ ನೆನಪಿಟ್ಟುಕೊಳ್ಳಿ: 155 ಮೆಗಾಹರ್ಟ್ಜ್‌ಗೆ ಸುಮಾರು 48 ಸೆಂಟಿಮೀಟರ್, 460ಕ್ಕೆ 16, 850ಕ್ಕೆ 9ಕ್ಕಿಂತ ತುಸು ಕಡಿಮೆ. ಸ್ಕ್ಯಾನರ್ ಜೊತೆ ಬರುವ ರಬ್ಬರ್ ಆಂಟೆನಾ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಆಗುವಂಥದ್ದು. ನೀವು ಕೇಳುವುದು 800 ಮೆಗಾಹರ್ಟ್ಜ್ ಒಂದೇ ಆದರೆ ಅದಕ್ಕೆಂದೇ ಇರುವ ಚಿಕ್ಕ ಆಂಟೆನಾ ಹೆಚ್ಚು ಪ್ರಯೋಜನ. ಚಾವಣಿಯಿಂದ ಕೇಬಲ್ ಎಳೆಯುವವರು ಆರ್‌ಜಿ-58 ಹಾಕಿ ಹಣ ಉಳಿಸಲು ಹೋಗಬೇಡಿ. 15 ಮೀಟರಿಗೆ ಈ ಫ್ರೀಕ್ವೆನ್ಸಿಯಲ್ಲಿ ಸುಮಾರು 7 ಡೆಸಿಬೆಲ್ ನಷ್ಟ, ಅಂದರೆ ಐದರಲ್ಲಿ ನಾಲ್ಕು ಪಾಲು ಶಕ್ತಿ ಕೇಬಲ್ಲಿನಲ್ಲೇ ಸೋರಿಹೋಗುತ್ತದೆ. ಎಲ್‌ಎಂಆರ್-400 ಆದರೆ 2 ಡೆಸಿಬೆಲ್. ಟಿವಿಗೆ ಬಳಸುವ ಆರ್‌ಜಿ-6 ಸುಮಾರು 3 ಡೆಸಿಬೆಲ್. ಅದು 75 ಓಮ್‌ನದು ಎಂದು ಹೆದರಬೇಕಿಲ್ಲ, ಕೇಳುವುದಕ್ಕಷ್ಟೇ ಆದರೆ ಆ ಹೊಂದಾಣಿಕೆಯ ನಷ್ಟ ಗಣನೆಗೆ ಬಾರದು.

ಸಭಿಕರ ಕೆಲವು ಪ್ರಶ್ನೆಗಳು

ಎನ್‌ಕ್ರಿಪ್ಟ್ ಆದ ಟಾಕ್‌ಗ್ರೂಪನ್ನು ಕೇಳಲು ಯಾವ ಸೆಟ್ಟಿಂಗ್?

ಇಲ್ಲ. ಎಇಎಸ್-256 ಎಂಬ ಗೂಢಲಿಪಿ ವಿಧಾನ ಬಳಸಿದ ಧ್ವನಿ ಕೀಲಿಯಿಲ್ಲದೆ ಬಿಡಿಸಲಾಗದು, ಸ್ಕ್ಯಾನರ್‌ಗಳಲ್ಲಿ ಕೀಲಿ ತುಂಬುವ ಜಾಗವೂ ಇಲ್ಲ, ಪ್ರಯತ್ನವೇ ಅಪರಾಧವೂ ಹೌದು. ಆ ಟಾಕ್‌ಗ್ರೂಪ್‌ಗಳನ್ನು ಅವಾಯ್ಡ್ ಮಾಡಿಬಿಡಿ. ಸ್ಕ್ಯಾನರ್ ಅಲ್ಲಿ ನಿಂತು ಕಾಲ ಕಳೆಯದಿರಲಿ.

ಡಿಎಂಆರ್, ಎನ್‌ಎಕ್ಸ್‌ಡಿಎನ್ ಟ್ರಂಕ್‌ಗಳಿಗೂ ಕಂಟ್ರೋಲ್ ಫ್ರೀಕ್ವೆನ್ಸಿ ಒಂದೇ ಸಾಕೇ?

ಸಾಲದು. ಇವು ಬೇರೆ ಡಿಜಿಟಲ್ ರೇಡಿಯೊ ಮಾನದಂಡಗಳು, ಅಲ್ಲಿ ಫ್ರೀಕ್ವೆನ್ಸಿ ಕೋಷ್ಟಕ ಪಿ25ರಂತೆ ನಿಮ್ಮ ಕೈಗೆ ಬರುವುದಿಲ್ಲ. '3ನೇ ಚಾನಲ್ಲಿಗೆ ಹೋಗಿ' ಎಂಬ ಘೋಷಣೆ ಬರುತ್ತದೆ, 3 ಅಂದರೆ ಯಾವ ಫ್ರೀಕ್ವೆನ್ಸಿ ಎಂಬುದನ್ನು ನೀವೇ ತುಂಬಿರಬೇಕು. ಆ ಚಾನಲ್ ಸಂಖ್ಯೆಗೆ ಎಲ್‌ಸಿಎನ್ ಎನ್ನುತ್ತಾರೆ. ಇಡಾಕ್ಸ್ ಎಂಬ ಹಳೆಯ ಟ್ರಂಕ್ ವ್ಯವಸ್ಥೆಯಲ್ಲೂ ಇದೇ ಕಥೆ. ಎಲ್‌ಸಿಎನ್ ಕ್ರಮ ಅದಲುಬದಲಾದರೆ ಪೊಲೀಸ್ ಎಂದು ಪರದೆಯಲ್ಲಿ ತೋರಿಸಿ ಕಸದ ಲಾರಿಯವರ ಮಾತು ಕೇಳಿಸುತ್ತದೆ. ಕ್ರಮ ಗೊತ್ತಿಲ್ಲದಿದ್ದರೆ ಎರಡು ರಿಸೀವರ್ ಇಟ್ಟುಕೊಂಡು, ಒಂದರಲ್ಲಿ ಘೋಷಣೆಯ ಸಂಖ್ಯೆ ನೋಡುತ್ತ ಇನ್ನೊಂದರಲ್ಲಿ ಅದೇ ಕ್ಷಣ ಯಾವ ಫ್ರೀಕ್ವೆನ್ಸಿ ತೆರೆಯಿತೆಂದು ಗುರುತು ಹಾಕಿಕೊಳ್ಳಿ. ಡಿಎಂಆರ್ ಕೆಪಾಸಿಟಿ ಪ್ಲಸ್‌ನಲ್ಲಿ ಸ್ಥಿರವಾದ ಕಂಟ್ರೋಲ್ ಚಾನಲ್ಲೇ ಇಲ್ಲ, ಆ ಕೆಲಸ ಚಾನಲ್‌ನಿಂದ ಚಾನಲ್ಲಿಗೆ ಓಡಾಡುತ್ತದೆ. ಹಾಗಾಗಿ ಎಲ್ಲ ಫ್ರೀಕ್ವೆನ್ಸಿಗಳನ್ನೂ ತುಂಬಲೇಬೇಕು. ಯುನಿಡೆನ್‌ನಲ್ಲಿ ಡಿಎಂಆರ್, ಎನ್‌ಎಕ್ಸ್‌ಡಿಎನ್ ಸೌಲಭ್ಯಕ್ಕೆ ಬೇರೆ ಹಣ ಕೊಡಬೇಕಾಗಬಹುದು ಎಂಬುದೂ ಗೊತ್ತಿರಲಿ.

ಸ್ಕ್ಯಾನರ್ ಬದಲು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚುವ ಚಿಕ್ಕ ರಿಸೀವರ್) ಆದೀತೇ?

ಆದೀತು, ಸೈಮಲ್‌ಕಾಸ್ಟ್‌ಗೆ ಹಳೆಯ ಸ್ಕ್ಯಾನರ್‌ಗಳಿಗಿಂತ ಮೇಲೂ ಹೌದು. ಅದಕ್ಕೆ ಬೇಕಾದ ತಂತ್ರಾಂಶಗಳಾದ ಎಸ್‌ಡಿಆರ್‌ಟ್ರಂಕ್, ಒಪಿ25 ಎರಡೂ ಉಚಿತ. ಒಂದು ಡಾಂಗಲ್ ಒಮ್ಮೆಗೆ ಸುಮಾರು 2.4 ಮೆಗಾಹರ್ಟ್ಜ್ ಅಗಲ ನೋಡುತ್ತದೆ. ವ್ಯವಸ್ಥೆಯ ಫ್ರೀಕ್ವೆನ್ಸಿಗಳು 851ರಿಂದ 860ರವರೆಗೆ ಹರಡಿದ್ದರೆ ಎಲ್ಲ ಮಾತುಗಳನ್ನೂ ಏಕಕಾಲಕ್ಕೆ ಹಿಡಿಯಲು ನಾಲ್ಕು ಬೇಕು. ಒಂದು ಮಾತು ಸಾಕೆಂದರೆ ಎರಡು: ಒಂದು ಕಂಟ್ರೋಲ್ ಮೇಲೆ, ಇನ್ನೊಂದು ಧ್ವನಿಯ ಹಿಂದೆ. ಕೊಳ್ಳುವಾಗ ಟಿಸಿಎಕ್ಸ್‌ಒ (ತಾಪ ಬದಲಾದರೂ ಹೆಚ್ಚು ಕದಲದ ಸ್ಫಟಿಕ) ಇರುವುದನ್ನೇ ಕೊಳ್ಳಿ. ಅಗ್ಗದ ಡಾಂಗಲ್ಲಿನ ಸ್ಫಟಿಕ ದಶಲಕ್ಷಕ್ಕೆ 50 ಭಾಗ ತಪ್ಪಿದರೆ 850 ಮೆಗಾಹರ್ಟ್ಜ್‌ನಲ್ಲಿ ಅದು 42.5 ಕಿಲೋಹರ್ಟ್ಜ್ ತಪ್ಪು, ಅಂದರೆ ಮೂರು ಚಾನಲ್ ಆಚೆ. ಟಿಸಿಎಕ್ಸ್‌ಒದಲ್ಲಿ ತಪ್ಪು ದಶಲಕ್ಷಕ್ಕೆ 1 ಭಾಗ, 850 ಹರ್ಟ್ಜ್ ಅಷ್ಟೆ. ತಪ್ಪು ಸ್ಥಿರವಾಗಿದ್ದರೆ ತಂತ್ರಾಂಶದಲ್ಲಿ ಪಿಪಿಎಂ (ದಶಲಕ್ಷಕ್ಕೆ ಎಷ್ಟು ಭಾಗ) ಸಂಖ್ಯೆ ಕೊಟ್ಟು ಸರಿಮಾಡಬಹುದು, ಆದರೆ ಡಾಂಗಲ್ ಬಿಸಿಯಾಗುತ್ತ ಹೋದಂತೆ ಆ ತಪ್ಪೂ ಜಾರುತ್ತದೆ. ಹಾಗಾಗಿ ಅದನ್ನು ಹತ್ತಿಪ್ಪತ್ತು ನಿಮಿಷ ಓಡಲು ಬಿಟ್ಟು ಆಮೇಲೆ ಸಂಖ್ಯೆ ಅಳೆಯಿರಿ.